ಬೆನ್ನು ತಿರುಗಿಸೋ ನೌಕರಿ

ಮುಂಬೈದಾಗ ನಮ್ಮ ಚಾಳಿನ್ಯಾಗಿರೋ ಲಕ್ಷ್ಮೀಬಾಯಿ ಸೊಸಿ ಹೋದ ತಿಂಗಳ ಒಂದು ಸೆಂಟರಿಗೆ ಮಾವಶಿ ಅಂತ ಕೆಲಸಕ್ಕ ಸೇರ್ಯಾಳ. ಆಟಿಜಂ ಇರೋ ಹುಡುಗ್ರ ಸೆಂಟರು. ನಾ ಅಂಥಾ ಕೆಲಸದಾಗ ಮುದುಕಿ ಆದಾಕಿ ಅಂತ ಗೊತ್ತಾಗಿ, ದೊಡ್ಡವ್ವಾ ಏನೇನ್ ಮಾಡಬೇಕು ಹೇಳು ಅಂತ ಬಂದು ಕುಂತ್ಲು. ಹೇಳಾಕ ಸುರು ಮಾಡಿದೆ. ಅರ್ಧಕ್ಕ ಮೊಬೈಲ್ ತಗದ್ಲು. ಅದಕ್ಕ ಬರಿಯಾಕ ಕುಂತೀನಿ. ಆಕಿಗೆ ಕನ್ನಡ ಓದಾಕ ಬರೂದಿಲ್ಲ, ಇಲ್ಲೇ ಹುಟ್ಟಿ ಬೆಳದಾಕಿ. ಅತ್ತಿ ಓದಿ ಹೇಳ್ತಾಳ. ಅತ್ತಿ ಓದಾಕತ್ತಿದ್ರ ಸೊಸಿ ಎದ್ದು ಹೋಗಾಕ ಬರೂದಿಲ್ಲ.

ನಾ ಇಂಡಿ ತಾಲೂಕಿನಾಕಿ. ಮೂರನೇ ಇಯತ್ತೆಗೆ ಸಾಲಿ ಬಿಡಿಸಿದ್ರು. ಲಗ್ನಾಗಿ ಮುಂಬೈಗೆ ಬಂದು ಬಿಲ್ಡಿಂಗ್ ಕೆಲಸದಾಗ ಇಟ್ಟಂಗಿ ಹೊತ್ತೆ. ಸೊಂಟ ಕೆಟ್ಟಿಂದ ಮಲಾಡದಾಗ ಇಂಥಾದ ಒಂದು ಸೆಂಟರಿಗೆ ಬಂದೆ. ನನ್ನ ಅಕ್ಷರ ತಪ್ಪಿದ್ರ ತಿದ್ದಕೊಂಡು ಓದ್ರಿ. ಸಿಟ್ಟು ಮಾತ್ರ ತಿದ್ದಬ್ಯಾಡ್ರಿ, ಅದು ತಪ್ಪಿ ಬಂದದ್ದಲ್ಲ.

ಮಾವಶಿ ಕೆಲಸ ಅಂದ್ರ ಟೀಚರ್ ಮಾಡಲಾರದ್ದೆಲ್ಲ. ಹುಡುಗ್ರನ್ನ ಸಂಡಾಸಕ್ಕ ಕರಕೊಂಡು ಹೋಗಬೇಕು, ತೊಳೀಬೇಕು, ಚಡ್ಡಿ ಬದಲಿಸಬೇಕು, ಡಬ್ಬಿ ಉಣಿಸಬೇಕು, ಗೇಟಿಗೆ ಓಡಿದವ್ರನ್ನ ಹಿಡೀಬೇಕು. ಕಚ್ಚತಾರ, ಉಗರಲೆ ಚೂರತಾರ, ಕೂದಲ ಜಗ್ಗತಾರ. ಅದಕ್ಕ ಅಳಬ್ಯಾಡ್ರಿ. ಅವ್ರು ನಿಮ್ಮ ಮ್ಯಾಲಿನ ಹಗೆತನಕ್ಕ ಕಚ್ಚೂದಿಲ್ಲ. ಹೇಳಾಕ ಬ್ಯಾರೆ ದಾರಿ ಸಿಗಲಿಲ್ಲಂದ್ರ ಕಚ್ಚತಾರ. ದಾರಿ ಮುಚ್ಚಿದವ್ರು ಯಾರು ಅನ್ನೋದನ್ನ ನೋಡ್ರಿ.

ಸೇರಿದ ದಿನ ನಿಮಗ ಹೇಳ್ತಾರ, ಈ ಹುಡುಗ್ರಿಗೆ ಮಾತು ಬರೂದಿಲ್ಲ ಅಂತ. ಅದು ಅರ್ಧ ಸುಳ್ಳು. ಕೆಲವ್ರಿಗೆ ಬಾಯಿಲೆ ಬರೂದಿಲ್ಲ, ನಿಮ್ಮ ಕೈ ಹಿಡದು ಜಗ್ಗಿ ಬೇಕಾದ್ದರ ಮುಂದ ಒಯ್ದು ನಿಂದರಸ್ತಾರ. ಕೆಲವ್ರು ದಿನಪೂರ್ತಿ ಮಾತಾಡ್ತಾರ, ನೀವು ಕೇಳಿದ್ದಕ್ಕ ಮಾತ್ರ ಉತ್ತರ ಇರೂದಿಲ್ಲ. ಕೆಲವ್ರು ಮಾತಿಗಿಂತ ಮೊದಲ ಓದಾಕ ಕಲೀತಾರ. ಇನ್ನ ಕೆಲವ್ರು ಶಬ್ದಕ್ಕ ಶಬ್ದ ಕೂಡಿಸಿ ಮಾತು ಕಟ್ಟೂದಿಲ್ಲ. ಯಾವಾಗರ ಕೇಳಿದ ಮಾತನ್ನ ಇಡಿಯಾಗಿ ಎತ್ತಿ ತಂದು ತಮಗ ಬೇಕಾದಲ್ಲಿ ಇಡ್ತಾರ. ನಾವು ಹಿಟ್ಟು ನಾದಿ ರೊಟ್ಟಿ ಬಡೀತೀವಿ. ಅವ್ರು ಮತ್ತೊಬ್ರು ಬಡದ ರೊಟ್ಟಿ ತಂದು ಮುಂದ ಇಡ್ತಾರ. ರೊಟ್ಟಿ ಮತ್ತೊಬ್ರದಿದ್ರೂ ಹಸಿವಿ ಅವ್ರದ. ಇದು ಕೊನೀತನಕ ನೆನಪಿಡ್ರಿ, ಮುಂದ ಬೇಕಾಗ್ತೈತಿ.

ಇರ್ಫಾನ ಅಂತ ಒಬ್ಬ ಹುಡುಗ ಇದ್ದ. ಜೋಗೇಶ್ವರಿಯಿಂದ ಅವರವ್ವನ ಜೋಡಿ ಲೋಕಲ್‌ನ್ಯಾಗ ಬರ್ತಿದ್ದ. ಹೆಸರೇನಪಾ ಅಂದ್ರ ಹೆಸರೇನಪಾ ಅಂತ ಹೊಳ್ಳಿ ನಮ್ಮನ್ನ ಕೇಳ್ತಿದ್ದ. ನೀರಡಿಸಿದ್ರ ನೀರು ಅನ್ನಾಕ ಬರ್ತಿದ್ದಿಲ್ಲ. ಆದ್ರ ಲೋಕಲ್‌ನ್ಯಾಗ ಹೆಣ್ಣದನಿ ಸ್ಟೇಷನ್ ಹೆಸರು ಹೇಳ್ತೈತಲ್ಲ, ಅದನ್ನ ಮರಾಠಿ, ಹಿಂದಿ, ಇಂಗ್ಲಿಷು ಮೂರರಾಗೂ ಅದೇ ದನಿಲೆ ಹೇಳ್ತಿದ್ದ. ದೇಣಗಿ ಕೊಡೋ ಮಂದಿ ಬಂದಾಗ ಅಂವನ್ನ ನಡುವ ನಿಂದರಿಸಿ ಹೇಳಿಸ್ತಿದ್ರು. ಚರ್ಚಗೇಟಿನಿಂದ ಹಿಡದು ವಿರಾರ ತನಕ. ಮಂದಿ ಚಪ್ಪಾಳಿ ಹೊಡೀತಿದ್ರು, ನಗತಿದ್ರು, ಫೋಟೋ ತಗೀತಿದ್ರು. ಮಂದಿ ಹೋದ ಮ್ಯಾಲ ಅಂವ ಒಂದು ಮೂಲ್ಯಾಗ ಕಿವಿ ಮುಚ್ಕೊಂಡು, ಅಗಲಾ ಸ್ಟೇಷನ್ ಜೋಗೇಶ್ವರಿ, ಅಗಲಾ ಸ್ಟೇಷನ್ ಜೋಗೇಶ್ವರಿ ಅಂತಿದ್ದ, ಮುಂದಿನ ಸ್ಟೇಷನ್ ಜೋಗೇಶ್ವರಿ ಅಂತ. ಆಗ ಯಾರೂ ಚಪ್ಪಾಳಿ ಹೊಡೀತಿದ್ದಿಲ್ಲ, ಹುಚ್ಚು ಹತ್ತೈತಿ ಗಪ್ ಮಾಡ್ರಿ ಅಂತಿದ್ರು. ಅವರವ್ವ ಬಂದಾಗ ಹೇಳಿದ್ಲು, ಅಂವಗ ಸಾಕಾದ್ರ ಹಂಗ ಅಂತಾನ, ಮನಿಗೆ ಕರಕೊಂಡು ಹೋಗ್ರಿ ಅಂತ ಅದರ ಅರ್ಥ. ಆಟಕ್ಕ ಹೇಳಿಸಿದಾಗ ಕೇಳಿದ್ರು, ಅಂವ ತನಗಾಗಿ ಹೇಳಿದಾಗ ಕೇಳಲಿಲ್ಲ.

ಅಂವನದ ಇನ್ನೊಂದು. ಒಂದಿನ ಗದ್ದಲಕ್ಕ ಬ್ಯಾಸತ್ತು ಒಬ್ಬ ಟೀಚರ್ ಬಾಯಿ ಮುಚ್ಚು ಅಂದ್ಲು. ಮುಚ್ಚಿದ. ಡಬ್ಬಿ ಹೊತ್ತಾತು, ನಾ ತುತ್ತು ಹಿಡಕೊಂಡು ಕುಂತೀನಿ, ಅಂವ ಹಲ್ಲು ಕಚ್ಕೊಂಡು ಕುಂತಾನ. ಹಸಿವಿಲೆ ಕಣ್ಣಾಗ ನೀರು ಬಂದಾವ, ತುಟಿ ಬಿಚ್ಚವಲ್ಲ. ಹಟ ಅಂದ್ರು, ಲಾಡ ಭಾಳ ಆಗೈತಿ ಅಂದ್ರು. ಅವರವ್ವ ಬಂದು ಎಷ್ಟು ಬೇಡಿಕೊಂಡ್ರೂ ತಗೀಲಿಲ್ಲ. ಕಡೀಕ ಆಕಿ ಕೇಳಿದ್ಲು, ಯಾರರ ಏನರ ಅಂದೀರೇನು ಅಂತ. ಅದೇ ಟೀಚರನ್ನ ಕರಸಿದ್ರು. ಟೀಚರ್ ಬಂದು ಬಾಯಿ ತಗಿ ಅಂದ್ಲು. ತಗದ, ಉಂಡ. ಮುಚ್ಚು ಅಂದಾಕಿನ ತಗಿ ಅನ್ನಬೇಕಾತು. ಇಂಥವರ ಮುಂದ ಹೇಳಿದ ಮಾತು ಹೇಳಿದಂಗ ನಿಂದರ್ತೈತಿ. ನೀವು ಮರತು ಮನಿಗೆ ಹೋಗ್ತೀರಿ, ಅದು ಅಲ್ಲೇ ನಿಂತಿರ್ತೈತಿ.

ಈಗ ಶ್ರಾವಣಿ. ಇದನ್ನ ಬರಿಯಾಕನ ಕುಂತದ್ದು.

ಶ್ರಾವಣಿ ನಮ್ಮ ಕಡಿ ಹುಡುಗಿ. ಅವರಪ್ಪ ಸಿಂದಗಿ ಕಡಿಯಾವ, ಇಲ್ಲಿ ಒಂದು ಆಫೀಸಿನ್ಯಾಗ ನೌಕರಿ. ಅವ್ವನ ಹೆಸರು ಸವಿತಾ. ಮನ್ಯಾಗ ಆಯಿ, ಅಂದ್ರ ಅಪ್ಪನ ತಾಯಿ, ಸಂಗವ್ವ. ಸೆಂಟರಿಗೆ ಬಂದಾಗ ಹುಡುಗಿಗೆ ಐದು ವರ್ಷ. ದಟ್ಟ ಗುಂಗುರು ಕೂದಲ, ಮುಟ್ಟಿದಲ್ಲಿ ಸಿಕ್ಕು. ಆಕಿ ಮಾತಾಡ್ತಿದ್ಲು. ನಮ್ಮ ಊರ ಕಡಿ ಮುದುಕ್ಯಾರು ಮಾತಾಡಿದಂಗ, ರಾಗಾ ಎಳದು ಮಾತಾಡ್ತಿದ್ಲು. ಬಾಗಲದಾಗ ಯಾರರ ಬಂದ್ರ "ಬರ್ರಿ, ಚಾ ಕುಡದ ಹೋಗ್ರಿ" ಅಂತಿದ್ಲು. ಐದು ವರ್ಷದ ಪೋರಿ. ನನಗ ನಗಿ ತಡಕೊಳ್ಳಾಕ ಆಗ್ತಿದ್ದಿಲ್ಲ. ಟೀಚರ್‌ಗೋಳಿಗೆ ಕನ್ನಡ ಗೊತ್ತಿಲ್ಲ, ಅವ್ರಿಗೆ ಅದು ಬರೇ ಗದ್ದಲ.

ಇದಕ್ಕ ಅವ್ರು ಇಟ್ಟ ಹೆಸರು ಪೋಪಟ ಬೋಲಿ. ಗಿಳಿ ಮಾತು. ನಮ್ಮ ಬಡೀ ಮೇಡಂ, ಸೆಂಟರ್ ನಡಸಾಕಿ, ಶ್ರಾವಣಿ ಅವ್ವ ಅಪ್ಪನ್ನ ಕರಸಿ ಎರಡು ಮಾತು ಹೇಳಿದ್ಲು. ಒಂದು, ಈ ಊರಾಗ ಮನ್ಯಾಗ ಒಂದು ಭಾಷಾ, ಓಣ್ಯಾಗ ಒಂದು, ಸಾಲ್ಯಾಗ ಇನ್ನೊಂದು. ಒಂದೂ ಸರಿಯಾಗಿ ಬರದ ಕೂಸಿನ ತಲ್ಯಾಗ ಇಷ್ಟೂ ತುರುಕಿದ್ರ ಗೊಂದಲ ಆಗ್ತೈತಿ, ಅದಕ್ಕ ಮನ್ಯಾಗೂ ಹಿಂದಿ ಒಂದ ಇರ್ಲಿ, ಕನ್ನಡ ಬಂದ್ ಮಾಡ್ರಿ. ಎರಡು, ಹುಡುಗಿ ಗಿಳಿ ಮಾತು ಆಡಿದ್ರ ಉತ್ತರ ಕೊಡಬ್ಯಾಡ್ರಿ, ಬೆನ್ನು ತಿರುಗಿಸ್ರಿ. ಉತ್ತರ ಕೊಟ್ರ ಅದು ಬೇರು ಬಿಡ್ತೈತಿ, ಆಮ್ಯಾಲ ಖರೇ ಮಾತು ಹುಟ್ಟೂದಿಲ್ಲ.

ಬಡೀ ಮೇಡಂ ಕೆಟ್ಟಾಕಿ ಅಲ್ಲ. ಮುಂಜಾನೆ ನಮಗಿಂತ ಮೊದಲ ಬರ್ತಿದ್ಲು, ಹುಡುಗ್ರು ಮೈಮ್ಯಾಲ ವಾಂತಿ ಮಾಡಿದ್ರೂ ಮುಖ ಹಿಂಡ್ತಿದ್ದಿಲ್ಲ. ಆಕಿ ಕಲತು ಬಂದದ್ದ ಹಂಗ ಇತ್ತು. ಕೇಳಿದವ್ರಿಗೂ ಅದು ಬರೋಬ್ಬರಿ ಅನಸ್ತಿತ್ತು. ಅದಕ್ಕ ನನಗ ಸಿಟ್ಟು ಇನ್ನೂ ಹೆಚ್ಚು. ಕೆಟ್ಟವ್ರು ಹೇಳಿದ್ರ ಮಂದಿ ಒಮ್ಮೆರ ವಿಚಾರ ಮಾಡ್ತಾರ.

ಬೆನ್ನು ತಿರುಗಿಸೂದು ಹೆಂಗ ಅಂತ ನಮಗೂ ಕಲಿಸಿದ್ರು. ಕೂಸು ತನ್ನ ಮಾತು ಆಡಿದ ಕೂಡ್ಲೆ ಕಣ್ಣು ಕೆಳಗ ಹಾಕಬೇಕು. ಕುರ್ಚಿ ಸಮೇತ ಹೊಳ್ಳಿ ಬೆನ್ನು ಕೊಡಬೇಕು. ಅದು ಗಪ್ ಆದ ಮ್ಯಾಲ ತಿರುಗಬೇಕು. ಹಿಂದಿ ಶಬ್ದ ಬಂದ್ರ ಬಿಸ್ಕೀಟು. ಟೀಚರ್ ಮಾಡಿದ್ರು, ನಾನೂ ಮಾಡಿದೆ, ಪಗಾರ ಅದಕ್ಕ ಕೊಡ್ತಿದ್ರು. ಹುಡುಗಿ ಮೊದಲ ಮೊದಲ ನಮ್ಮ ಸುತ್ತ ಬಂದು ಮುಂದ ನಿಂದ್ರತಿದ್ಲು. ನಾವು ಮತ್ತ ಹೊಳ್ಳಬೇಕು. ಹೊರಗಿನವ್ರು ನೋಡಿದ್ರ ಏನೋ ಆಟ ಅನ್ನಬೇಕು.

ಮನ್ಯಾಗ ಏನಾತು ನೋಡ್ರಿ. ಯಾರ ಮನಿ ಭಾಷಾ ಹಿಂದಿ ಐತಿ, ಅವ್ರಿಗೆ ಏನೂ ತ್ರಾಸಿಲ್ಲ. ಸವಿತಾಗ ಬರ್ತಿದ್ದದ್ದು ಭಾಜಿ ಕೊಳ್ಳೋ ಹಿಂದಿ. ಆಜಾ, ಬೈಠ, ಖಾಲೇ, ಚಲ್. ಮಗಳನ್ನ ಮುದ್ದು ಮಾಡಾಕ ಆಕಿ ಹತ್ತರ ಹಿಂದ್ಯಾಗ ಶಬ್ದ ಇದ್ದಿಲ್ಲ. ನಾಲ್ಕು ಹುಕುಮಿನ ಮ್ಯಾಲ ಕೂಸು ಬೆಳಸಾಕ ಆಗ್ತೈತೇನು? ನಾಯಿಗೂ ಮಂದಿ ಇದಕ್ಕಿಂತ ಹೆಚ್ಚು ಮಾತಾಡ್ತಾರ. ಇನ್ನ ಆಯಿಗೆ ಹಿಂದಿ ಸೈತ ಇಲ್ಲ. ಆಕಿ ಪೂರಾ ಬಂದ್. ಅದೇ ಆಯಿ ಹುಡುಗಿನ ಎದಿಗೆ ಹಚಗೊಂಡು, ನೀರು ಎರದು, ತಲಿ ಹಿಕ್ಕಿ ಜಡಿ ಹಾಕಿ, ರೊಟ್ಟಿ ಬಡಿಯೋ ಹೊತ್ತಿಗೆ ಮಗ್ಗಲ ಕುಂದರಿಸಿಕೊಂಡು ಮಾತಾಡ್ತಿದ್ದಾಕಿ. ಹುಡುಗಿ ಬಾಯಾಗ ಇದ್ದದ್ದೆಲ್ಲ ಆಕಿ ಮಾತು. ಮೊಮ್ಮಗಳ ಮಾತು ಹಾಳ ಮಾಡಾಕಿ ನೀನ ಅಂತ ಹೇಳಿದಂಗಾತು. ಆಯಿ ಗಪ್ ಆದ್ಲು. ಸವಿತಾ ನನ್ನ ಮುಂದ ಒಮ್ಮೆ ಹೇಳಿದ್ಲು, ಅತ್ತಿ ಹುಡುಗಿ ಮಲಗಿದ ಮ್ಯಾಲ ದೇವರ ಮುಂದ ಸೈತ ಬಾಯಿ ಬಿಡೂದಿಲ್ಲ, ಕೇಳಿಸಿ ಗಿಳಿಸೀತು ಅಂತ.

ಅಶ್ವಿನಿ ಅಂತ ಒಬ್ಬ ಹೊಸ ಟೀಚರ್ ಬಂದಿದ್ಲು, ಮರಾಠಿ ಹುಡುಗಿ. ಮಾತು ಕಲಸೋ ಕೆಲಸ ಓದಿಕೊಂಡು ಬಂದಾಕಿ. ಆ ಮಳಿಗಾಲದಾಗ ಶ್ರಾವಣಿ ಒಂದ ಮಾತು ಹಿಡದ್ಲು. "ಆತು ಆತು, ಮುಗೀತ ನೋಡ ನನ ಕೂಸ." ಬೆಂಚಿಗೆ ತಲಿ ವತ್ತಿ ಹಿಡಕೊಂಡು ಅದನ್ನ ಅನ್ನಾಕಿ. ಅಶ್ವಿನಿ ನನ್ನ ಬಾಜೂಕ ಕರದು, ಮಾವಶಿ, ಈಕಿ ಏನಂತಾಳ ಅಂತ ಕೇಳಿದ್ಲು. ಹೇಳಿದೆ, ಮುಗೀತು ನನ್ನ ಕೂಸೇ, ಆಗಿ ಹೋತು, ಅಂತ ಸಮಾಧಾನ ಮಾಡಾಕತ್ತಾಳ. ಯಾರನ್ನ ಸಮಾಧಾನ ಮಾಡ್ತಾಳ ಅಂದ್ಲು. ನನಗೇನು ಗೊತ್ತು. ಸಂಜೀಕ ಸವಿತಾ ಬಂದಾಗ ಅಶ್ವಿನಿ ನನ್ನ ಬಾಯಿಲೆ ಆಕಿನ್ನ ಕೇಳಿಸಿದ್ಲು, ಮನ್ಯಾಗ ಈ ಮಾತು ಯಾರಂತಾರ, ಯಾವಾಗ ಅಂತಾರ. ಸವಿತಾ ಅಂದ್ಲು, ಈಗ ಯಾರೂ ಅನ್ನೂದಿಲ್ಲ, ಮೊದಲ ಆಯಿ ತಲಿ ಹಿಕ್ಕೋವಾಗ ಸಿಕ್ಕು ಬಿಡಿಸಬೇಕಾದ್ರ ಅಂತಿದ್ಲು, ಹುಡುಗಿ ನೋವಿಗೆ ಅಳತಿದ್ಲಲ್ಲ, ಅದಕ್ಕ.

ಅಶ್ವಿನಿ ಮುಖ ಸಣ್ಣದಾತು. ಆಕಿಗೆ ತಿಳೀತು. ಕೂಸು ಸಮಾಧಾನ ಮಾಡಾಕತ್ತಿದ್ದಿಲ್ಲ. ನೋವಾದಾಗ ಕೇಳಿದ ಮಾತು ಅದೊಂದ, ಅದಕ್ಕ ನೋವಾದ್ರ ಅದನ್ನ ಅಂತಾಳ. ತಡಾ ಮಾಡಲಾರದ, ಬಡೀ ಮೇಡಂ ಹತ್ತರ ಹೋದ್ಲು, ನನ್ನನ್ನೂ ಕರಕೊಂಡು. ಈಕಿಗೆ ಎಲ್ಲೋ ನೋವೈತಿ, ಡಾಕ್ಟರಿಗೆ ತೋರಸ್ರಿ ಅಂತ ಮನಿಯವ್ರಿಗೆ ಹೇಳೋಣ ಅಂದ್ಲು. ಮೇಡಂ ಒಂದು ಗಳಿಗಿ ವಿಚಾರ ಮಾಡಿದ್ಲು. ಆಮ್ಯಾಲ ಅಂದ್ಲು, ಜ್ವರ ಇಲ್ಲ, ಬಿದ್ದಿಲ್ಲ, ಮಳಿಗೆ ಹೊರಗ ಬಿಡವಲ್ರು ಅಂತ ಹಟ ಮಾಡ್ತಾಳ. ಇಷ್ಟು ತಿಂಗಳ ಬಿಡಿಸೇವಿ, ಈಗ ನೀವು ಆ ಮಾತಿಗೆ ತಿರುಗಿ ನೋಡಿದ್ರ ಮೊದಲಿಂದ ಸುರು ಆಗ್ತೈತಿ. ನೋವಿಗೆ ಹಿಂದ್ಯಾಗ ದರ್ದ್ ಅನ್ನೋದು ಕಲಸ್ರಿ.

ಕಲಿಸಿದ್ರು. ತಲಿ ಬೆಂಚಿಗೆ ವತ್ತಿದ ಕೂಸಿನ ಮುಂದ ಚಿತ್ರ ಹಿಡದು ದರ್ದ್ ಬೋಲೋ, ದರ್ದ್ ಬೋಲೋ. ಆಕಿ ಆತು ಆತು ಅನ್ನಾಕಿ. ನಾವು ಬೆನ್ನು ತಿರುಗಿಸಾಕಿ. ಮನ್ಯಾಗೂ ಅದೇ, ಬರೇ ಹಟ ಐತಿ ಅಂತ ಅವ್ರಿಗೂ ಹೇಳಿ ಕಳಿಸಿದ್ರು. ಆಯಿ ಸೆರಗು ಬಾಯಾಗ ತುರುಕಿಕೊಂಡು ಗ್ವಾಡಿ ಕಡಿ ತಿರುಗಿ ಕುಂದ್ರತಿದ್ಲಂತ. ತನ್ನ ಮಾತನ್ನ ತನಗ ವಾಪಸ್ ಹೇಳಾಕತ್ತಾಳ ಕೂಸು, ನೋವಾಗಾಕತ್ತೈತಿ ಬಾ ಅಂತ ಕರಿಯಾಕತ್ತಾಳ, ಆಯಿಗೆ ಅದು ಗೊತ್ತೂ ಐತಿ, ತಿರುಗಬಾರದು. ತಿರುಗಿದ್ರ ಜಲ್ಮಪೂರ್ತಿ ಮೂಕಿ ಆಗ್ತಾಳ ಅಂತ ಅಂಜಿಸಿದ್ರು.

ಆ ವಾರದ ಕಡೀಕ ಡಬ್ಬಿ ಉಣಿಸೋವಾಗ ನನ್ನ ಕೈಗೆ ಏನೋ ಹಸಿ ಹತ್ತಿತು. ಆಕಿ ಕಿವ್ಯಾಗಿಂದ ಕೀವು, ರಕ್ತ ಕುತಗಿ ತನಕ ಇಳದಿತ್ತು. ಆಕಿ ಅಳಾಕತ್ತಿದ್ದಿಲ್ಲ. ಏನೂ ಅನ್ನಾಕತ್ತಿದ್ದಿಲ್ಲ. ದವಾಖಾನ್ಯಾಗ ಕಿವಿ ಪರದೆ ಹರದೈತಿ ಅಂದ್ರು. ಆ ಕಿವಿ ಇವತ್ತಿಗೂ ಬರೋಬ್ಬರಿ ಕೇಳೂದಿಲ್ಲ. ಡಾಕ್ಟರು ಸವಿತಾನ ಬೈದ್ರಂತ, ಇಷ್ಟು ನೋವು ಇರೋವಾಗ ಕೂಸು ಏನೂ ಹೇಳಲಿಲ್ಲೇನು ಅಂತ.

ಹೇಳಿದ್ಲು. ಹೇಳಿದ್ಲು, ಮುಂಜಾನಿಂದ ಸಂಜೀತನಕ ಹೇಳಿದ್ಲು. ಆ ಹುಡುಗಿಗೆ ಮಾತು ಇದ್ದಿಲ್ಲ ಅಂತ ಯಾರರ ಅಂದ್ರ ಅವರ ಮುಖಕ್ಕ ಈ ಹಾಳಿ ಹಿಡೀರಿ.

ಅದಾದ ಮ್ಯಾಲ ಶ್ರಾವಣಿ ಮಾತಾಡೂದು ಬಿಟ್ಲು. ಗಿಳಿ ಮಾತೂ ಇಲ್ಲ, ಹಿಂದಿನೂ ಇಲ್ಲ. ಬರ್ರಿ ಚಾ ಕುಡದ ಹೋಗ್ರಿ ಅನ್ನೋದೂ ಇಲ್ಲ. ಮೀಟಿಂಗಿನ್ಯಾಗ ಸವಿತಾಗ ಅಂದ್ರು, ಮನ್ಯಾಗ ನೀವು ಕದ್ದು ಕನ್ನಡ ಮಾತಾಡಿರಬೇಕು, ಅದಕ್ಕ ಹಿಂದ ಬಿದ್ದಾಳ. ಸವಿತಾ ನನ್ನ ಕಡಿ ನೋಡಿದ್ಲು. ನಾ ಚಾ ಕೊಡಾಕ ಹೋದಾಕಿ, ಟ್ರೇ ಕೈಯಾಗಿತ್ತು. ನಾ ಅಂದೆ, ಮೇಡಂ, ಆ ಮನ್ಯಾಗ ಈಗ ಕುಕ್ಕರ್ ಒಂದ ಮಾತಾಡ್ತೈತಿ. ಹೊರಗ ಹೋಗು ಅಂದ್ರು. ಹೋದೆ. ಅವ್ರೂ ಹೋದ್ರು, ಹುಡುಗಿನ ಬಿಡಿಸಿಕೊಂಡು, ಮತ್ತ ಬರಲಿಲ್ಲ.

ವರ್ಷ ಕಳದ್ವು. ಕೆಲಸದ ರೀತಿ ಬದಲಾತು. ಈಗ ನೀವು ಸೇರಾಕತ್ತೀರಲ್ಲ, ನಿಮಗ ಚಿತ್ರದ ಕಾರ್ಡು, ಮಾತಾಡೋ ಟ್ಯಾಬ್ಲೆಟ್ ಎಲ್ಲ ಕೊಡ್ತಾರ. ಕೂಸು ಚಿತ್ರ ಒತ್ತಿದ್ರ ಯಂತ್ರ ಮಾತಾಡ್ತೈತಿ. ಒಳ್ಳೇದ, ಬಾಯಿಲೆ ಬಂದ್ರ ಅಷ್ಟ ಮಾತು ಅನ್ನೋ ಹುಚ್ಚು ಕಮ್ಮಿ ಆತು. ಒಂದಿನ ಮೇಡಂಗೋಳು ಎಲ್ಲೋ ಟ್ರೇನಿಂಗಿಗೆ ಹೋಗಿ ಬಂದ್ರು. ಬಂದವ್ರು ರಿಸೆಪ್ಷನ್‌ನ್ಯಾಗ ಒಂದು ದೊಡ್ಡ ಪೋಸ್ಟರ್ ಹಚ್ಚಿದ್ರು. ಅಶ್ವಿನಿ ಓದಿ ಹೇಳಿದ್ಲು, ನಿಮ್ಮ ಕೂಸಿನ ಜೋಡಿ ಮನಿ ಭಾಷಾದಾಗ ಮಾತಾಡ್ರಿ, ಎರಡು ಮೂರು ಭಾಷಾದಿಂದ ಆಟಿಜಂ ಕೂಸಿಗೆ ಏನೂ ಧಕ್ಕಿ ಇಲ್ಲ, ಕೇಳಿದ ಮಾತು ಹೊಳ್ಳಿ ಆಡೂದೂ ಮಾತು ಕಲಿಯೋ ದಾರಿನ, ಅಂತ. ಮೂರು ಭಾಷಾದಾಗ ಬರದಿತ್ತು. ಅದ್ರಾಗ ಕನ್ನಡ ಇದ್ದಿಲ್ಲ.

ಅಷ್ಟ. ಪೋಸ್ಟರ್ ಹಚ್ಚಿದ್ರು, ಮುಗೀತು. ಮೊದಲ ನಾವು ಬ್ಯಾರೆ ಹೇಳಿದ್ವಿ, ಅದು ತಪ್ಪಿತ್ತು ಅಂತ ಎಲ್ಲೂ ಬರೀಲಿಲ್ಲ. ಹಳೇ ಮನಿಗೋಳಿಗೆ ಯಾರೂ ಫೋನ್ ಮಾಡಲಿಲ್ಲ.

ಸವಿತಾ ಒಮ್ಮೆ ಮಲಾಡ ಮಾರ್ಕೆಟ್ಟಿನ್ಯಾಗ ಸಿಕ್ಳು. ಸುದ್ದಿ ಕೇಳಿದೆ. ಹುಡುಗಿ ದೊಡ್ಡಾಕಿ ಆಗ್ಯಾಳ, ಬೇಕಾದ್ದು ಕೈ ಮಾಡಿ ತೋರಸ್ತಾಳ, ಆಯಿ ಮಾತ್ರ ಇನ್ನೂ ಆಕಿ ಮುಂದ ಬಾಯಿ ಬಿಡೂದಿಲ್ಲ ಅಂದ್ಲು. ನಾ ಅವತ್ತ ಅವರ ಮನಿಗೆ ಹೋದೆ. ಸಂಗವ್ವನ ಬಾಜೂಕ ಕುಂತು ಹೇಳಿದೆ, ಅಕ್ಕಾ, ಈಗ ಸೆಂಟರಿನವರೇ ಮಾತಾಡ್ರಿ ಅನ್ನಾಕತ್ತಾರ, ಮೊದಲ ಹೇಳಿದ್ದು ಸುಳ್ಳಂತ. ಆಯಿ ಬಾಗಲ ಕಡಿ ನೋಡಿ, ಹುಡುಗಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಸಣ್ಣ ದನಿಲೆ ಅಂದ್ಲು.

"ನೀ ಸಂಡಾಸ ತೊಳಿಯಾಕಿ, ತಂಗಿ. ನಿನ್ನ ಮಾತು ಕೇಳಿ ಮತ್ತ ಕೂಸಿನ ಕೆಡಸಲೇನು? ಬಾಯಿ ಮುಚ್ಚು ಅಂದಾಕಿ ಅದಾಳಲ್ಲ, ಆಕಿ ಬಂದು ತಗಿ ಅನ್ಲಿ."

ಸಿಟ್ಟು ಬರಲಿಲ್ಲ. ಇರ್ಫಾನ ನೆನಪಾದ.

ನಾ ಕೆಲಸ ಬಿಡೋ ದಿನ ಸೆಂಟರಿನ್ಯಾಗ ಸಣ್ಣ ಕಾರ್ಯಕ್ರಮ ಇಟ್ರು. ಶಾಲು ಹೊದಿಸಿದ್ರು, ತೆಂಗಿನಕಾಯಿ ಕೊಟ್ರು, ಹುಡುಗ್ರ ಅವ್ವಂದಿರು ಬಂದಿದ್ರು. ಮಾವಶಿ ಎರಡು ಮಾತು ಆಡ್ರಿ ಅಂದ್ರು. ಎಲ್ಲಾರೂ ಕೈವಸ್ತ್ರ ತಯಾರ ಇಟಗೊಂಡು ಕುಂತಿದ್ರು. ನಾ ಪೋಸ್ಟರ್ ಕಡಿ ಬೆರಳ ಮಾಡಿ ನನ್ನ ಹರಕ ಹಿಂದ್ಯಾಗ ಕೇಳಿದೆ, ಮೇಡಂ, ಇದನ್ನ ಶ್ರಾವಣಿ ಆಯಿಗೆ ಹೇಳಿದವ್ರು ಯಾರು? ಕೈವಸ್ತ್ರ ಎಲ್ಲ ಮಡಿಲಿಗೆ ಇಳದ್ವು. ನಾ ಅಂದೆ, ಆ ಮುದುಕಿ ಇನ್ನೂ ಬಾಯಿ ಮುಚ್ಕೊಂಡು ಕುಂತಾಳ. ನೀವು ಹೇಳಿದ್ದು, ನೀವು ಬರ್ರಿ. ಶಾಲು ಬ್ಯಾಡ ನನಗ. ಶಾಲು ಟೇಬಲ್ ಮ್ಯಾಲ ಇಟ್ಟು ಕೆಳಗ ಇಳದೆ.

ಕಾರ್ಯಕ್ರಮ ಹಾಳಾತು ಅಂತ ಕೆಲವ್ರು ಗೊಣಗಿದ್ರು. ನಾ ಗೇಟಿಗೆ ಬಂದಾಗ ಹಿಂದಿಂದ ಚಪ್ಪಲಿ ಸಪ್ಪಳ ಆತು. ಬಡೀ ಮೇಡಂ, ಜೋಡಿ ಅಶ್ವಿನಿ. ಮೇಡಂಗೂ ಈಗ ಕೂದಲ ಬೆಳ್ಳಗಾಗ್ಯಾವ. "ಚಲೋ ಮಾವಶಿ" ಅಂದ್ಲು, ನಡಿ ಹೋಗೋಣ ಅಂತ, ಅಷ್ಟ. ಮೂರೂ ಮಂದಿ ಒಂದ ರಿಕ್ಷಾದಾಗ ಶ್ರಾವಣಿ ಮನಿಗೆ ಹೋದ್ವಿ.

ಒಂದ ಖೋಲಿ ಮನಿ. ಮೇಡಂ ಕುರ್ಚಿ ಬ್ಯಾಡ ಅಂದು ನೆಲಕ್ಕ ಕುಂತ್ಲು. ಶ್ರಾವಣಿ ಕಿಟಕಿ ಹತ್ತರ ಇದ್ಲು, ಎತ್ತರದಾಗ ನನ್ನ ಭುಜಕ್ಕ ಬಂದಾಳ, ತಲಿ ಹಕ್ಕಿಗೂಡು. ಯಾರಿಗೂ ಮುಟ್ಟಗೊಡೂದಿಲ್ಲ, ಎರಡ ಸಲ ಕತ್ತರಿಸೇನಿ ಅಂದ್ಲು ಸವಿತಾ. ಮೇಡಂ ಹಿಂದ್ಯಾಗ ಹೇಳಿದ್ಲು, ನಾ ಆಯಿಗೆ ಕನ್ನಡದಾಗ ಹೇಳ್ತಾ ಹೋದೆ. ನಾವು ಹೇಳಿದ್ದು ತಪ್ಪಿತ್ತು. ನಿಮ್ಮ ಮಾತಿನಿಂದ ಕೂಸು ಕೆಟ್ಟಿಲ್ಲ. ಆಕಿ ಕಲತ ಮಾತೆಲ್ಲ ನಿಮ್ಮಿಂದ ಕಲತದ್ದು. ಆಮ್ಯಾಲ ಮೇಡಂ, ಆವಾಗ ಎಲ್ಲಾ ಕಡೆ ಹಂಗ ಕಲಸ್ತಿದ್ರು ಅಂತ ಏನೋ ಸುರು ಮಾಡಿದ್ಲು. ಅದನ್ನ ನಾ ಕನ್ನಡಕ್ಕ ತರಲಿಲ್ಲ. ಅಶ್ವಿನಿ ನನ್ನ ಕಡಿ ನೋಡಿದ್ಲು. ನೋಡ್ಲಿ.

ಆಯಿ ಎಲ್ಲ ಕೇಳಿದ್ಲು. ಆಮ್ಯಾಲ ಸಣ್ಣ ದನಿಲೆ ನನ್ನ ಕೇಳಿದ್ಲು, "ಅಂದ್ರ ನನ್ನ ಮನ್ಯಾಗ ನಾ ಮಾತಾಡಾಕ ಈಕಿ ಪರವಾನಗಿ ಕೊಡಾಕ ಬಂದಾಳ?"

"ಹೌದಕ್ಕಾ."

"ಹಿಂಗಂದೆ ಅಂತ ಆಕಿಗೆ ಹೇಳು."

ಹೇಳಿದೆ. ಮೇಡಂ ತಲಿ ಕೆಳಗ ಹಾಕಿದ್ಲು.

ಆಯಿ ಕಿಟಕಿ ಕಡಿ ತಿರುಗಿದ್ಲು. ಕೂಸಿನ ಜೋಡಿ ಎಷ್ಟೋ ವರ್ಷ ತಗೀಲಾರದ ಬಾಯಿ, ದನಿ ಮೊದಲ ಗೊರಗೊರ ಅಂತು. "ಶ್ರಾವಣೀ, ಬಾರವ್ವಾ ಇಲ್ಲಿ" ಅಂದ್ಲು.

ಹುಡುಗಿ ಎದ್ದು ಬಂದ್ಲು. ಆಯಿ ಮುಂದ ಬಂದು ಕುಂತ್ಲು. ಆಯಿ ಮತ್ತ, ನನ ಕೂಸ, ಅಂದ್ಲು. ಅಷ್ಟಕ್ಕ ಶ್ರಾವಣಿ ಕಣ್ಣು ಕೆಳಗ ಹಾಕಿ, ಕುಂತಲ್ಲೇ ಹೊಳ್ಳಿ, ಬೆನ್ನು ಕೊಟ್ಲು.

ನಾವು ಕಲಿಸಿದಂಗನ. ಮೊದಲ ಕಣ್ಣು, ಆಮ್ಯಾಲ ಬೆನ್ನು. ಒಂದು ಹೆಜ್ಜಿ ತಪ್ಪಿಲ್ಲ. ಇಷ್ಟು ವರ್ಷದಾಗ ಆ ಸೆಂಟರಿನಿಂದ ಆಕಿ ಪೂರಾ ಕಲತದ್ದು ಇದೊಂದ. ಅಶ್ವಿನಿ ಬಾಯಿ ಮ್ಯಾಲ ಕೈ ಇಟಗೊಂಡ್ಲು. ಸವಿತಾ ಒಲಿ ಕಡಿ ಹೋದ್ಲು. ನಾ ಎದ್ದು ಯಾರಿಗರ ಹೊಡೀಬೇಕು ಅನಸ್ತು, ಯಾರಿಗೆ ಅಂತ ಗೊತ್ತಾಗಲಿಲ್ಲ.

ಆಯಿ ಆ ಬೆನ್ನು ನೋಡಿದ್ಲು. ಆಮ್ಯಾಲ ಕೈ ಚಾಚಿ ಗ್ವಾಡಿ ಮಾಡದಾಗಿನ ಬಾಚೋ ಹಣಗಿ, ಎಣ್ಣಿ ಬಾಟ್ಲಿ ತಗೊಂಡ್ಲು.

"ಚಲೋ ಮಾಡಿದಿ. ಹಂಗ ಕುಂಡ್ರು. ಬೆನ್ನು ಈ ಕಡಿ ಇದ್ರನ ತಲಿ ಹಿಕ್ಕಾಕ ಬರ್ತೈತಿ" ಅಂದ್ಲು.

ಎಣ್ಣಿ ಹಚ್ಚಿದ್ಲು. ತುದಿಯಿಂದ ಸಿಕ್ಕು ಬಿಡಿಸಾಕ ಸುರು ಮಾಡಿದ್ಲು, ಮಾತಾಡಕೋತ. ಏನಂದ್ಲು ಅಂತ ಬರೀಬೇಕಂದ್ರ ಏನೂ ಇಲ್ಲ. ಎಣ್ಣಿ ಸೋವಿ ಇದ್ದದ್ದು, ನೀರು ಬರೋ ಹೊತ್ತು, ಊರಾಗಿನ ಎಮ್ಮಿ. ಬರೇ ಬೆನ್ನಿಗೆ ಹೇಳಿಕೋತ ಹೋದ್ಲು. ಹುಡುಗಿ ಕೇಳೋ ಕಿವಿ ಯಾವ ಕಡಿ ಐತಿ, ಆ ಕಡಿ ಬಗ್ಗಿ ಮಾತಾಡಿದ್ಲು. ಹಣಗಿ ಒಂದು ದೊಡ್ಡ ಸಿಕ್ಕಿಗೆ ತಡೀತು, ಹುಡುಗಿ ಭುಜ ಮ್ಯಾಲ ಬಂತು. ಈಗ ಆಕಿ ಆ ಮಾತು ಅಂದ್ಲು ಅಂತ ಬರದ್ರ ನಿಮಗ ಚಂದ ಅನಸ್ತಿತ್ತು. ಅನ್ನಲಿಲ್ಲ. ಆಯಿನೇ ಅಂದ್ಲು, "ಆತು ಆತು, ಮುಗೀತ ನೋಡ ನನ ಕೂಸ." ಯಾರಿಗೂ ತಲಿ ಮುಟ್ಟಗೊಡದ ಹುಡುಗಿ ಎದ್ದು ಹೋಗಲಿಲ್ಲ. ಭುಜ ಕೆಳಗ ಇಳೀತು.

ಬಡೀ ಮೇಡಂ ಎದ್ದ್ಲು. ಕಣ್ಣಾಗ ನೀರಿತ್ತೋ ಏನೋ, ನಾ ನೋಡಲಿಲ್ಲ. ಬಾಗಲ ಕಡಿ ತಿರುಗಿ ಚಪ್ಪಲಿ ಹುಡುಕಾಕ ಹತ್ತಿದ್ಲು.

"ಮೇಡಂ, ಬೆನ್ನು ತಿರುಗಿಸಬ್ಯಾಡ್ರಿ" ಅಂದೆ. "ಈ ಕಡಿ ಕುಂಡ್ರಿ. ಇನ್ನೂ ಭಾಳ ಸಿಕ್ಕು ಅದಾವ."

ಕುಂತ್ಲು. ಜಡಿ ಹಾಕಿ ಮುಗಿಯೋ ತನಕ ಕುಂತ್ಲು.